ಐದನೇ ಜೇಬು

ಕೌಲ್ ಬಜಾರಿನ ಓಣಿಯಲ್ಲಿ ಮಿಷನ್ನುಗಳು ನಿಂತ ಮೇಲೂ
ಕಿವಿಯೊಳಗೆ ಓಡುತ್ತಲೇ ಇರುವ ಹೊತ್ತಿಗೆ
ನಾನು, ಹೊನ್ನೂರಸ್ವಾಮಿ, ಜೀನ್ಸ್ ಕಟಿಂಗ್ ಮಾಸ್ಟರ್,
ಐದನೇ ಜೇಬಿನಿಂದ ಅದನ್ನು ತೆಗೆಯುತ್ತೇನೆ.

ಐದನೇ ಜೇಬು ಗೊತ್ತಲ್ಲ, ಬಲಜೇಬಿನ ಬಾಯೊಳಗೆ
ಒಂದು ಮರಿಜೇಬು. ಇಪ್ಪತ್ತೆರಡು ವರ್ಷ ಕತ್ತರಿಸಿದ್ದೇನೆ,
ಯಾತಕ್ಕೆ ಅಂತ ಯಾರೂ ಹೇಳಿರಲಿಲ್ಲ.
ಈಗ ಗೊತ್ತಾಗಿದೆ: ಬೆರಳುದ್ದದ ಈ ಕೊಳವೆಗೆ.
ಅಹಮದಾಬಾದಿನ ಡೆನಿಮ್ ಏಜೆಂಟ್ ಕೊಟ್ಟು ಹೋದದ್ದು,
"ಬೀಡಿ ಬಿಡು ಮಾಸ್ಟ್ರೇ, ಇದು ಬರೀ ಆವಿ."
ಬೀಡಿ ಬಿಟ್ಟೆ.
ಕೆಮ್ಮು ಬಿಡಲಿಲ್ಲ.

ಮೊದಲನೇ ಡಾಕ್ಟರು ರಾಯಲ್ ಸರ್ಕಲ್ಲಿನಾಚೆ.
ಟೋಕನ್ ಇಪ್ಪತ್ತೇಳು. "ಸಾರ್, ಇದರೊಳಗೆ ಏನಿರ್ತದೆ..."
"ಓದಿದ್ದು ನಾನಾ, ನೀನಾ?"
ನನ್ನದು ಆರನೇ ಕ್ಲಾಸು. ಸುಮ್ಮನಾದೆ.
ಎರಡನೆಯವರು ತಲೆ ಎತ್ತದೆ ಸಿರಪ್ ಬರೆದರು, ಎಕ್ಸ್‌ರೇ ಬರೆದರು.
"ಇದು ಬ್ಯಾನ್ ಐತೆ. ಪೊಲೀಸರಿಗೆ ಹೇಳ್ಲಾ?"
ನಗುತ್ತಲೇ ಅಂದರು. ಕಾಂಪೌಂಡರೂ ನಕ್ಕ.
ನಾನೂ ನಕ್ಕು, ಫೀಸು ಕೊಟ್ಟು ಬಂದೆ.

ನಲವತ್ತು ಪದರ ಡೆನಿಮ್ ಒಂದೇ ಸಲಕ್ಕೆ ಕೊಯ್ಯುವವನು ನಾನು.
ಒಂದು ಬೆರಳು ತಪ್ಪಿದರೆ ನಲವತ್ತು ಸೊಂಟ ತಪ್ಪುತ್ತವೆ.
ಟೇಪು ಹಿಡಿಯದೆ ಕತ್ತರಿ ಹಿಡಿದವನನ್ನು
ಅವತ್ತೇ ಮನೆಗೆ ಕಳಿಸುತ್ತೇವೆ ನಾವು.

ಬೋರ್ಡಿನ ಮೇಲೆ ಡಾ. ಉರುಕುಂದಮ್ಮ ಅಂತಿತ್ತು.
ನಮ್ಮ ಅತ್ತೆ ಹೆಸರು. ಡಾಕ್ಟರಿಗೂ ಇಂಥ ಹೆಸರಿರ್ತದಾ ಅಂತ,
ಅದೊಂದೇ ಕಾರಣಕ್ಕೆ, ಚಪ್ಪಲಿ ಬಿಟ್ಟು ಒಳಗೆ ಹೋದೆ.
ಆಕೆಯ ಕೊರಳಲ್ಲಿ ಸ್ಟೆತಾಸ್ಕೋಪು,
ನನ್ನ ಕೊರಳಲ್ಲಿ ತೆಗೆಯಲು ಮರೆತ ಅಳತೆ ಟೇಪು.

"ಎಲ್ಲಿ, ಕೊಡ್ರಿ ನೋಡಾಣ." ಅಂಗೈಯಲ್ಲಿ ತಿರುವಿದಳು,
ಮೂಸಿದಳು. "ಮಾವಿನಕಾಯಿ?"
"ಹಣ್ಣು, ಮೇಡಂ."
"ದಿನಕ್ಕೆ ಎಷ್ಟು ಸಲ? ಎದ್ದ ಕೂಡಲೇ ಬೇಕಾ?
ಇದನ್ನ ಎಳೆದ್ರೆ ಏನಾಗ್ತದೆ ನಿಮಗೆ?"
ಯಾರೂ ಕೇಳಿರಲಿಲ್ಲ. ಯೋಚಿಸಬೇಕಾಯಿತು.
"ಕೈ ನಡುಗಲ್ಲ. ಕತ್ತರಿ ನೆಟ್ಟಗೆ ಹೋಗ್ತದೆ."
ಆಕೆ ನಗಲಿಲ್ಲ. ಬರಕೊಂಡಳು.

ಆಮೇಲೆ ನನ್ನ ಚೀಟಿ ಬಿಚ್ಚಿದೆ. ಏಳು ಪ್ರಶ್ನೆ,
ಬೀಡಿ ಕಟ್ಟಿನ ಕಾಗದದ ಹಿಂದೆ, ಮಗಳ ಪೆನ್ನಲ್ಲಿ.
ಬೀಡಿಗಿಂತ ಇದು ಮೇಲಾ?
ಒಂದೇ ಕೋಣೆ ನಮ್ಮದು, ಮಲಗಿದ ಹುಡುಗಿಗೆ ತಾಗ್ತದಾ?
ಕೆಮ್ಮು ಇದರದಾ, ಡೆನಿಮ್ ಧೂಳಿನದಾ?

ಧೂಳು ಅಂದದ್ದೇ ತಡ, ಕುರ್ಚಿ ಮುಂದಕ್ಕೆ ಎಳೆದುಕೊಂಡಳು.
"ಬಾಯಿಗೆ ಬಟ್ಟೆ ಕಟ್ತೀರಾ? ಕಿಟಕಿ ಐತಾ ಅಲ್ಲಿ?
ಕಫ ನೀಲಿ ಬರ್ತದಾ?"
ಬರ್ತದೆ.
ಹೆಂಡತಿಗೂ ಹೇಳಿರಲಿಲ್ಲ.

"ನಿಕೋಟಿನ್ ಇದರಲ್ಲೂ ಐತೆ. ಎಳೆದ್ರೆ ಕೈ ನಿಲ್ಲೋದು ಅದರಿಂದ,
ಎಳೀದಿದ್ರೆ ನಡುಗೋದೂ ಅದರಿಂದಲೇ.
ಹೊಗೆ ಇಲ್ಲ ಅಂದ್ರೆ ಹಾನಿ ಇಲ್ಲ ಅಂತಲ್ಲ.
ಮಗಳ ಕೋಣೆಯಲ್ಲಿ ಬೇಡ, ಇವತ್ತಿಂದಲೇ.
ಮೂವತ್ತು ವರ್ಷ ಎಳೆದ್ರೆ ಏನಾಗ್ತದೆ ಅಂತ ಕೇಳೀರಿ..."
ಪೆನ್ನು ನಿಂತಿತು.
"ನನಗೆ ಗೊತ್ತಿಲ್ಲ. ಓದಿ ಹೇಳ್ತೀನಿ. ಗುರುವಾರ ಬರ್ರಿ."

ರಾತ್ರಿ ಹೆಂಡತಿ ಅಂದಳು,
"ಗೊತ್ತಿಲ್ಲ ಅಂದ್ರೆ ಫೀಸು ಯಾಕೆ ಕೊಟ್ಟಿ?"
ಅದಕ್ಕೇ ಕೊಟ್ಟೆ ಅಂತ ಹೇಳಲು ಬರಲಿಲ್ಲ.
ಮಗ್ಗಲು ಬದಲಿಸಿದೆ.

ಬಿಟ್ಟಿಲ್ಲ ಇನ್ನೂ. ದಿನಕ್ಕೆ ಆರಕ್ಕೆ ಇಳಿದಿದೆ,
ಆರ್ಡರ್ ಬಂದ ವಾರ ಒಂಬತ್ತು, ಹತ್ತು.
ಬಾಗಿಲಾಚೆ ಹೋಗಿ, ಚರಂಡಿ ದಾಟಿ ನಿಂತು.
ಗುರುವಾರಗಳು ಮೂರು ಆದವು. ಏಳರಲ್ಲಿ ಎರಡಕ್ಕೆ
ಆಕೆ ಬರೀ ಗೀಟು ಎಳೆದಿದ್ದಾಳೆ: ಇನ್ನೂ ಯಾರಿಗೂ ತಿಳಿದಿಲ್ಲ.

ನಿನ್ನೆ ಬಟನ್ ಹಾಕುವ ಹುಡುಗ ಗಾದಿಲಿಂಗ
ಚರಂಡಿ ದಾಟಿ ಬಂದು ಮೂಗು ಚಾಚಿದ.
ಬೈಗುಳ ಗಂಟಲಿಗೆ ಬಂತು, ಅದರ ಬೆನ್ನಿಗೇ ಕೆಮ್ಮು.
ಕೆಮ್ಮಿ ಮುಗಿಯುವಷ್ಟರಲ್ಲಿ ಬೈಗುಳ ಮರೆತಿದ್ದೆ.
"ಮಾಸ್ಟ್ರೇ, ಇದಕ್ಕೆ ಮಾವಿನಹಣ್ಣಿನ ವಾಸನೆ ಯಾಕೆ ಹಾಕ್ತಾರೆ?"

ಮರಿಜೇಬಿನಿಂದ ಚೀಟಿ ತೆಗೆದೆ,
ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ
ಎಂಟನೇದು ಅಂತ ಬರೆದೆ.