ಎಡಹೆಗಲಿನ ಅಳತೆ

ಇಲ್ಲಿ ಎಲ್ಲರ ಬಾಯಲ್ಲಿ ನಾನು ನಜ್ಜಾರ್, ಅಂದರೆ ಬಡಗಿ.
ಹೆಸರು ಮೌನೇಶ ಬಡಿಗೇರ, ಊರು ಮುಂಡರಗಿ ಕಡೆ.
ರಾಸ್ ಅಲ್ ಖೈಮಾದ ಬೆಟ್ಟದ ಬುಡಕ್ಕೆ
ಸಿಮೆಂಟಿನ ಧೂಳು ಕೂತ ಒಂದು ಶೆಡ್ಡು;
ಅದರೊಳಗೆ ಹನ್ನೊಂದು ವರ್ಷ
ರೈಫಲ್ಲಿನ ಹಿಂಬದಿಯ ಕಟ್ಟಿಗೆ ಕೆತ್ತಿದೆ.

ಕಬ್ಬಿಣದ್ದು ನನಗೆ ಗೊತ್ತಿಲ್ಲ. ನಳಿಗೆ, ಕುದುರೆ, ಸ್ಪ್ರಿಂಗು
ಆಚೆ ಹಾಲಿನವರದು.
ನನ್ನದು ಅಕ್ರೋಟು.
ಕೊಯ್ದರೆ ಹಸಿ ಮಣ್ಣು, ಸೀದ ಬೆಲ್ಲ,
ಎರಡರ ನಡುವಿನ ಒಂದು ವಾಸನೆ.
ಚಿತ್ರಾಲದ ಶೇರ್ ವಲಿ ಚಹಾದ ಲೋಟ ಹಿಡಿದು ಬಂದು
ಹೊಟ್ಟಿನ ರಾಶಿಯ ಪಕ್ಕ ನಿಲ್ಲುತ್ತಿದ್ದ.
"ನಮ್ಮ ಮನೆ ಹಿಂದೆ ಮೂರು ಮರ" ಅನ್ನುತ್ತಿದ್ದ. ಅಷ್ಟೇ.

ಗಿರಾಕಿ ಬಂದರೆ ಟೇಪು ಹಿಡಿಯುವವನು ನಾನೇ.
ಮಡಚಿದ ಮೊಣಕೈಯಿಂದ ಬೆರಳಿನ ಗೆಣ್ಣಿಗೆ,
ಕೆನ್ನೆಯ ಮೂಳೆಯಿಂದ ಕಣ್ಣಿಗೆ,
ಹೆಗಲಿನ ಗುಳಿ ಎಷ್ಟು ಆಳ.
ಬಾಚಿ ಎತ್ತುವ ಮುಂಚೆ ಅಪ್ಪ ಅನ್ನುತ್ತಿದ್ದ:
"ಹೆಗಲ ನೋಡದ ನೊಗಾ ಮಾಡಬ್ಯಾಡಲೇ.
ಎತ್ತು ಬಾಯಿ ಬಿಟ್ಟು ಹೇಳಂಗಿಲ್ಲ,
ಹುಣ್ಣು ಹೇಳತೈತಿ."

ಹುಮೈದ್ ಅಲ್ ಶೆಹ್ಹಿ ಬಂದದ್ದು ಖರ್ಜೂರ ಹಣ್ಣಾಗುವ ಕಾಲಕ್ಕೆ.
ಬೆಟ್ಟದ ಮೇಲಿನ ಮುದುಕ,
ಕೈಯಲ್ಲಿ ಅವರ ಜನರ ಆ ಗೇಣುದ್ದ ಬಾಯಿಯ ಪುಟ್ಟ ಕೊಡಲಿ,
ಎಡಗೈಯಲ್ಲಿ.
ಬಲಹೆಗಲು ಯಾವಾಗಲೋ ಬಂಡೆಯಿಂದ ಬಿದ್ದು ಮುರಿದು
ಕೂಡಿಕೊಂಡಿತ್ತು ವಕ್ರವಾಗಿ, ಮುಳ್ಳುಗಂಟಿಯ ಕೊಂಬೆಯ ಹಾಗೆ.
ಆಡಿನ ಹಿಂಡಿಗೆ ತೋಳ ಬರುತ್ತದಂತೆ. "ಗುರಿ ಇಡುವುದು ಆಕಾಶಕ್ಕೆ,
ತೋಳಕ್ಕೂ ಮನೆಯಿದೆ" ಎಂದು ನಕ್ಕ.
ಎಡಕ್ಕೆ ಒಗ್ಗುವ ಬಂದೂಕು ಅಂಗಡಿಯಲ್ಲಿ ಸಿಗುವುದಿಲ್ಲ.
ಅಳೆದೆ. ಬರೆದುಕೊಂಡೆ. ಮುಂಗಡ ಕೊಟ್ಟು ಹೋದ.

ನೋಟೀಸು ಬಂದದ್ದು ರಮದಾನಿನ ಎರಡನೇ ವಾರ.
ಇನ್ನು ಮೂವತ್ತು ತಿಂಗಳು ಸಾದಾ ಗಿರಾಕಿಗೆ ಮಾಲು ಇಲ್ಲ,
ದೊಡ್ಡ ಆರ್ಡರು ಮೊದಲು.
ಯಾವ ಸೈನ್ಯ? ಫೈಲಿನ ಮೇಲೆ ದೇಶವಿಲ್ಲ, ಒಂದು ನಂಬರು.
ಮ್ಯಾನೇಜರ್ ಹಾದಿ ಸಾಹೇಬರು ಬಾಗಿಲಲ್ಲೇ ನಿಂತು,
"ಕಟ್ಟಿಗೆ ಸಾಕು ನಜ್ಜಾರ್, ನೀನು ಪ್ಯಾಕಿಂಗಿಗೆ."

ಕಪ್ಪು ಪ್ಲಾಸ್ಟಿಕ್ಕಿನ ಹಿಂಬದಿ ಬಂತು, ಡಬ್ಬಿಗಟ್ಟಲೆ.
ಗುಂಡಿ ಒತ್ತಿ ಎಳೆದರೆ
ಟಕ್, ಟಕ್, ಟಕ್, ಟಕ್,
ಯಾರ ಹೆಗಲಿಗಾದರೂ ಸರಿ.
ಹದಿನೆಂಟರ ಹುಡುಗನಿಗೂ. ಅವನು ಬಿದ್ದರೆ
ಪಕ್ಕದಲ್ಲಿದ್ದವನಿಗೂ, ಅದೇ ದಿನ.

ಸುಳ್ಳೇಕೆ ಹೇಳಲಿ, ಓವರ್‌ಟೈಮು ಬಂತು.
ತಮ್ಮನ ಮನೆಗೆ ಸ್ಲ್ಯಾಬು ಬಿತ್ತು.
ಅವನು ಫೋಟೋ ಕಳಿಸಿದ, ನಾನು ಹೆಬ್ಬೆರಳು ಒತ್ತಿದೆ.
ಪೆಟ್ಟಿಗೆಗೆ ಹನ್ನೆರಡು, ನಡುವೆ ಎಣ್ಣೆಕಾಗದ,
ದಿನಕ್ಕೆ ನಲವತ್ತು ಪೆಟ್ಟಿಗೆ.
ಗುಣಿಸುವುದನ್ನು ಒಂದು ವಾರದಲ್ಲಿ ಬಿಟ್ಟೆ.

ಮುದುಕ ಮತ್ತೆ ಬಂದ. ಹಾದಿ ಸಾಹೇಬರು ಮುಂಗಡ ತಿರುಗಿ ಕೊಟ್ಟರು,
ಕಾಫಿ ಕೊಟ್ಟರು, ವಿಷಾದ ಅಂದರು.
ಕಟ್ಟಿಗೆ ಮಾತ್ರ ತಯಾರಿತ್ತು, ಮೂರು ಕೈ ಎಣ್ಣೆ ಕುಡಿದು.
ಒಳಗಿಂದ ತಂದು ತೋರಿಸಿದೆ, ತೋರಿಸಬಾರದಿತ್ತು.
ಹೆಗಲಿಗೆ ಇಟ್ಟುಕೊಂಡ. ಗುಳಿಯಲ್ಲಿ ಕೂತಿತು,
ಮಗು ಮಲಗಿದಷ್ಟು ಸಲೀಸಾಗಿ.
ಕಣ್ಣು ಮುಚ್ಚಿದ.
"ಇದನ್ನೇ ಕೊಡು, ದುಡ್ಡು ಕೊಡುತ್ತೇನೆ."
ಗೇಟಿನವನು ಒಪ್ಪಲಿಲ್ಲ. ನಳಿಗೆ ಇಲ್ಲದಿದ್ದರೂ ಅದು ಆಯುಧದ ಭಾಗ,
ಲೈಸೆನ್ಸು ಬೇಕು, ಮೊಹರು ಬೇಕು.

ಗೇಟಿನಾಚೆ ಅದೇ ಹೊತ್ತಿಗೆ ಲಾರಿಗಳು ಬಂದರಿನ ಕಡೆ ಹೊರಳುತ್ತಿದ್ದವು.
ಮೊಹರು ಎಲ್ಲ ಸರಿಯಿತ್ತು.

ಈಗ ಅದು ನನ್ನ ಹಳೆಯ ಬೆಂಚಿನ ಮೇಲಿನ ಹಲಗೆಯಲ್ಲಿದೆ,
ಪಕ್ಕದಲ್ಲಿ ಕೊನೆಯ ತುಂಡಿನಿಂದ ಶೇರ್ ವಲಿಗೆ ಮಾಡಿದ ಲಟ್ಟಣಿಗೆ.
ಅವನು ಒಯ್ಯುವುದಿಲ್ಲ. ಬಂದು ಮೂಸಿ ಹೋಗುತ್ತಾನೆ.

ರಾತ್ರಿ ಪಾಳಿಯಲ್ಲಿ ಒಮ್ಮೊಮ್ಮೆ
ಮುದುಕನ ಕಟ್ಟಿಗೆಯನ್ನು ಇಳಿಸಿ
ನನ್ನ ಹೆಗಲಿಗೆ ಇಟ್ಟು ನೋಡುತ್ತೇನೆ.
ಕೂರುವುದಿಲ್ಲ.
ಎತ್ತಿಟ್ಟು, ಕೈ ಒರೆಸಿಕೊಂಡು,
ಪೆಟ್ಟಿಗೆಗೆ ಮೊಳೆ ಹೊಡೆಯಲು ಹೋಗುತ್ತೇನೆ.