ಅಂಗೈ ಅಳತೆ

ಮಂಡಿ ಮೊಹಲ್ಲಾದಲ್ಲಿ
ಟಾಂಗಾ ಕುದುರೆಗೆ ಲಗಾಮು, ಎದೆಪಟ್ಟಿ ಹೊಲಿಯುವ ಅಂಗಡಿ ನಂದು.
ಕುದುರೆಯಲ್ಲದ ಗಿರಾಕಿ ಒಬ್ಬನೇ,
ಅಶೋಕಪುರಂ ಚೋಳರಾಜು.

ಮೊದಲ ಸಲ ಬಂದಾಗ ಒಂಬತ್ತು ವರ್ಷ.
ಕಿವಿ ಹಿಡಿದು ತಂದವರು ಹವಾಲ್ದಾರ್ ಮುತ್ತಣ್ಣ ಮೇಷ್ಟ್ರು.
ಎರಡೂ ಅಂಗೈಯಲ್ಲಿ ಬೊಬ್ಬೆ ಒಡೆದು ರಕ್ತ.
"ರೈಲ್ವೆ ವರ್ಕ್‌ಶಾಪ್ ಗೋಡೆ ಪಕ್ಕದ ಹುಣಸೆ ಕೊಂಬೇಲಿ
ಬಾವಲಿ ಹಾಗೆ ನೇತಾಡ್ತಿದ್ದ ಸಾಬರೆ,
ಇಳಿಯೋ ಅಂದ್ರೆ ಪಲ್ಟಿ ಹೊಡ್ಕೊಂಡು ಇಳಿದ"
ಅಂದರು, ಕಳ್ಳ ಸಿಕ್ಕ ಖುಷಿಯಲ್ಲಿ.

ಹಳೇ ನೋಟ್‌ಬುಕ್ಕಿನ ಹಾಳೆ ಹಾಸಿ
ಅವನ ಕೈ ಇರಿಸಿ, ಸುತ್ತ ಪೆನ್ಸಿಲ್ ಎಳೆದೆ.
ಕಚಗುಳಿಯಾಗಿ ನಕ್ಕ.
ಹೆಬ್ಬೆರಳ ಬುಡದಲ್ಲಿ ಗೆರೆ ಸೊಟ್ಟಗಾಯಿತು, ಹಾಗೇ ಬಿಟ್ಟೆ.
ಸತ್ತ ಮುದಿ ಕುದುರೆಯೊಂದರ ಎದೆಪಟ್ಟಿ,
ಬೆವರು ಕುಡಿದು ಕುಡಿದು ಮೆದುವಾದ ತೊಗಲು.
ಬೆರಳಿಗೆ ಎರಡು ತೂತು, ಮಣಿಕಟ್ಟಿಗೊಂದು ಬಕ್ಕಲ್ಲು.
ಹಾಕಿಕೊಂಡು ಮುಷ್ಟಿ ಬಿಗಿದು ಮೂಸಿದ:
"ಕುದುರೆ ವಾಸನೆ."
ಥ್ಯಾಂಕ್ಸು ಗೀಂಕ್ಸು ಏನಿಲ್ಲ.

ವರ್ಷಕ್ಕೊಂದು ಜೊತೆ, ವರ್ಷಕ್ಕೊಂದು ಹಾಳೆ.
ಕೈ ಬೆಳೆಯಿತು, ಆಳು ಬೆಳೆಯಲಿಲ್ಲ,
ಐದಡಿ ಎರಡಿಂಚಿಗೆ ನಿಂತುಬಿಟ್ಟ.
ಅವರವ್ವನಿಗೆ ಅದೇ ಚಿಂತೆ,
ಮೇಷ್ಟ್ರಿಗೆ ಅದೇ ಹಬ್ಬ.

ಒಂದೇ ಒಂದು ಸಲ ನೋಡಲು ಹೋದೆ.
ತೊಲೆಯಿಂದ ಇಳಿಬಿಟ್ಟ ಎರಡು ಮರದ ಬಳೆ.
ಮೇಷ್ಟ್ರು ಸೊಂಟ ಹಿಡಿದು ಎತ್ತಿ ಕೊಟ್ಟು
ಹಿಂದೆ ಸರಿದರು.
ಅಂಗೈಯಿಂದ ಬಿಳಿಪುಡಿ ಉದುರುತ್ತ
ಎರಡೂ ತೋಳು ಅಡ್ಡಕ್ಕೆ ಚಾಚಿ ನಿಂತ.
ನಿಂತ ಅಂದರೆ, ಕಾಲ ಕೆಳಗೆ ಏನೂ ಇಲ್ಲ.
ತಕ್ಕಡಿಯ ದಂಡಿಯೂ ಅವನೇ, ಮುಳ್ಳೂ ಅವನೇ.
ಒಂದು.
ಎರಡು.
ಜನ ಅವನ ಮುಖ ನೋಡುತ್ತಿದ್ದರು,
ನಾನು ನೋಡಿದ್ದು ಎಡಗೈ ಪಟ್ಟಿಯ ಹೊಲಿಗೆ.
ಆ ವಾರ ಮೇಣ ಮುಗಿದಿತ್ತು,
ಬರೀ ದಾರದಲ್ಲಿ ಹೊಲಿದುಕೊಟ್ಟಿದ್ದೆ.
ಮೂರು.
ಇದನ್ನು ಇವತ್ತಿಗೂ ಅವನಿಗೆ ಹೇಳಿಲ್ಲ.

ಮೂರು ವರ್ಷ ಸತತ ಇಡೀ ದೇಶಕ್ಕೇ ಮೊದಲಿಗ.
ಬಾಬಾಜಾನನ ಟಾಂಗಾದಲ್ಲಿ ಸ್ಟೇಷನ್ನಿನಿಂದ ಮೆರವಣಿಗೆ,
ಮುಂದೆ ತಮಟೆ, ಹಿಂದೆ ಸೈಕಲ್ಲುಗಳು.
ಪದಕ ಕುದುರೆ ಕೊರಳಿಗೆ ಹಾಕಲು ಹೋದ,
ಅದು ಬೆದರಿ ಚರಂಡಿಗೆ ಚಕ್ರ ಇಳಿಸಿತು.
ಚಾಂಪಿಯನ್ನೇ ಇಳಿದು ಗಾಡಿಗೆ ಹೆಗಲು ಕೊಟ್ಟ.

ನಾಲ್ಕನೇ ವರ್ಷ
ಮೇಲಿನದೆಲ್ಲ ಸರಿಯಾಗಿತ್ತಂತೆ.
ಎರಡು ಸುತ್ತು ಸುತ್ತಿ ಇಳಿದಾಗ
ಬಲಗಾಲು ಅರ್ಧ ಹೆಜ್ಜೆ ಹಿಂದಕ್ಕೆ ಹೋಯಿತು.
ನಮ್ಮ ಅಂಗಡಿ ಮೆಟ್ಟಿಲಿನಷ್ಟು ಅಗಲ.
ಅಷ್ಟಕ್ಕೆ ಚಿನ್ನ ಹೋಯಿತು, ಬೆಳ್ಳಿಯೂ ಹೋಯಿತು.
ಆಮೇಲೆ ಹೋದದ್ದು ಭುಜ,
ಹಳೇ ಹೊಲಿಗೆಯ ಹಾಗೆ,
ಒಂದೊಂದೇ ಎಳೆ.

ಗಿರಾಕಿಯಿಲ್ಲದ ಒಂದು ಮಧ್ಯಾಹ್ನ ಲೆಕ್ಕ ಹಾಕಿದೆ.
ಒಟ್ಟು ಎಂಬತ್ತು ಪಂದ್ಯ, ಪಂದ್ಯಕ್ಕೆ ಮೂರು ಸೆಕೆಂಡು.
ಗಾಳಿ ಅವನನ್ನು ಹಾಗೆ ಹಿಡಿದು ನಿಲ್ಲಿಸಿದ್ದು
ಎಲ್ಲ ಸೇರಿ ನಾಲ್ಕೇ ನಿಮಿಷ.
ಅಷ್ಟರಲ್ಲಿ ಎದುರು ಹೋಟೆಲಿನ ಹಾಲೂ ಉಕ್ಕುವುದಿಲ್ಲ.

ಈಗ ವರ್ಕ್‌ಶಾಪಿನಲ್ಲಿ ಕೆಲಸ.
ಬೋಗಿಯಲ್ಲಿ ನಿಂತವರು ಹಿಡಿದುಕೊಳ್ಳುವ ಬಳೆಗಳನ್ನು
ಸರಿಯಿವೆಯೇ ಎಂದು ನೋಡಬೇಕು.
ಎಳೆದು ನೋಡುವುದಕ್ಕೆ ಹೆಲ್ಪರ್ ಹುಡುಗ.
ಬಲಗೈ ಮೇಲೇಳುವುದಿಲ್ಲ,
ಬಾಚಣಿಗೆ ಇರುವಲ್ಲಿಗೆ ತಲೆಯನ್ನೇ ತರುತ್ತಾನೆ.

ಹೋದ ಗುರುವಾರ ಬಂದ.
ಆ ಹಾಳೆಗಳು ಇದಾವಾ ಅಂದ.
ಡ್ರಾಯರು ಎಳೆದೆ. ಗೆದ್ದಲು
ಹದಿನಾರು, ಹದಿನೇಳನೇ ವರ್ಷಗಳನ್ನು ತಿಂದಿತ್ತು.
ಎಲ್ಲಕ್ಕಿಂತ ಕೆಳಗಿನದನ್ನು ತೆಗೆದು ಬೆಳಕಿಗೆ ಹಿಡಿದ.
ಮಗುವಿನ ಕೈ. ಪೆನ್ಸಿಲ್ ಮಾಸಿದೆ.
ಗೆರೆ ಸೊಟ್ಟಗಾದ ಜಾಗದಲ್ಲಿ ಬೆರಳಿಟ್ಟು
"ಇಲ್ಲಿ ನಾನು ನಕ್ಕಿದ್ದೆ" ಅಂದ.

ಆಮೇಲೆ ಟಿಫನ್ ಚೀಲದ ಹಿಡಿ ತೋರಿಸಿದ,
ಕಿತ್ತುಹೋಗಿದೆ, ಸೋಮವಾರದೊಳಗೆ ಬೇಕಂತೆ.