ತಂಪುಕೋಣೆಯಲ್ಲಿ ಕೆಸರು

ಹನ್ನೊಂದನೆಯ ದಿನ ಪ್ರಯೋಗಶಾಲೆಯ ಫ್ರಿಜ್ಜು ಕೆಟ್ಟಿತು.
ಡಾಕ್ಟರ್ ಒಯಾರ್ಸುನ್ ನನ್ನ ಅಡುಗೆಕೋಣೆಗೆ ಬಂದು
ಕೈ ಒರೆಸಿಕೊಳ್ಳುತ್ತ ನಿಂತಳು, ಸಾಲ ಕೇಳುವವಳ ಹಾಗೆ.
"ಅನ್ಸೆಲ್ಮೊ, ನಿನ್ನ ತಂಪುಕೋಣೆಯಲ್ಲಿ
ಒಂದಿಷ್ಟು ಕೆಸರು ಇಡಬಹುದೆ?"

ನಾಲ್ಕು ಡಿಗ್ರಿ. ಅಲ್ಲಿ ನನ್ನ ಮೀನು, ನನ್ನ ಬೆಣ್ಣೆ,
ಇಪ್ಪತ್ತೆಂಟು ಹೊಟ್ಟೆಗಳ ಮೂರು ವಾರದ ಲೆಕ್ಕ.
ಉಪ್ಪು ತಿಂದವರು ನೀರು ಕುಡಿಯಲಿ, ಸರಿ.
ಕೆಸರು ತಂದವರ ಪಾಡಿಗೆ ನಾನೇಕೆ?
ಗೊಣಗುತ್ತಲೇ ಈರುಳ್ಳಿ ಮೂಟೆ ಸರಿಸಿದೆ.

ಅದನ್ನು ತೆಗೆಯುವುದು ದುಂಡು ಕಿಟಕಿಯಿಂದ ಕಾಣುತ್ತದೆ.
ಮೊದಲು ಸದ್ದು ಕಳಿಸುತ್ತಾರೆ;
ಇರುಳೆಲ್ಲ ಅದು ನನ್ನ ದಿಂಬಿನಡಿಯೇ ಲೊಚಗುಟ್ಟುತ್ತದೆ.
ತಳ ಮುಟ್ಟಿ ತಿರುಗಿ ಬರಲು ಐದಾರು ಸೆಕೆಂಡು,
ನಾನೊಂದು ಮೊಟ್ಟೆ ಒಡೆದು ಸಿಪ್ಪೆ ಎಸೆಯುವಷ್ಟು.
ತಡವಾದಷ್ಟೂ ಆಳ ಎಂದು ಬರೆದುಕೊಳ್ಳುತ್ತಾರೆ.
ಪರದೆಯ ಮೇಲೆ ನೀಲಿಯಿಂದ ಕೆಂಪಿಗೆ ಬೆಟ್ಟಗಳು ಏಳುತ್ತವೆ,
ಯಾರೂ ಹತ್ತದ, ಯಾರ ಆಡೂ ಮೇಯದ ಬೆಟ್ಟಗಳು.

ಆಮೇಲೆ, ಸೀಸದ ತಲೆಯ ಉದ್ದನೆ ಕೊಳವೆ.
ರೆಮಿಹಿಯೊ ಹಚ್ಚದ ಸಿಗರೇಟು ಕಚ್ಚಿಕೊಂಡು
ವಿಂಚಿನಿಂದ ಹಗ್ಗ ಬಿಡುತ್ತಾನೆ, ಒಂದೂಕಾಲು ಗಂಟೆ.
ಅವನ ಕಣ್ಣು ಒಂದೇ ಮುಳ್ಳಿನ ಮೇಲೆ.
ಭಾರ ತಟ್ಟನೆ ಇಳಿದರೆ ತಳ ಸಿಕ್ಕಿತು.
"ಮೀನು ಕಚ್ಚಿದರೆ ದಾರ ಭಾರವಾಗುತ್ತೆ,
ಇಲ್ಲಿ ತಿರುಗುಮುರುಗು," ಎನ್ನುತ್ತಾನೆ ಪ್ರತಿಸಲವೂ,
ಈಗತಾನೆ ಹೊಳೆದ ಮಾತಿನಂತೆ.
ಮೂರು ಸಲ ಬರಿಗೈ.
ನಾಲ್ಕನೆಯ ಸಲ ಕೊಳವೆಯೇ ಬಾಳೆಹಣ್ಣಿನಂತೆ ಬಾಗಿ ಬಂತು.
ಐದನೆಯದು ನನ್ನ ಬೆಣ್ಣೆಯ ಪಕ್ಕ ಮಲಗಿತು.

ನಸುಕಿಗೆ ಹಿಟ್ಟು ನಾದಲು ಎದ್ದವನು
ಹೊದಿಕೆ ಎತ್ತಿ ಮೂಸಿದೆ: ಕೊಳೆತ ಮೊಟ್ಟೆ.
ಜಗಳಕ್ಕೆಂದೇ ಹೋದೆ.
ಅವಳು ಟಾರ್ಚು ಹಿಡಿದು ಬಂದಳು.

ಸೌತೆಕಾಯಿಯಂತೆ ಉದ್ದಕ್ಕೆ ಸೀಳಿದ್ದರು.
ಹಸಿರು, ಬೂದು, ಮತ್ತೆ ಹಸಿರು.
"ನೀರಲ್ಲಿ ಸತ್ತದ್ದೆಲ್ಲ ಧೂಳಾಗಿ ಇಳಿಯುತ್ತದೆ," ಎಂದಳು,
"ಇಲ್ಲಿ ಬೆರಳಗಲ ತುಂಬಲು ನೂರು ವರ್ಷ."
ಮೇಲಿನಿಂದ ಅರ್ಧ ಬೆರಳು ಕೆಳಗೆ ಒಂದು ಕಪ್ಪು ಗೆರೆ,
ಮರಳು ಮರಳು, ಅವಸರದಲ್ಲಿ ಬಂದು ಬಿದ್ದದ್ದು.
"ನೆಲ ನಡುಗಿ ದಂಡೆಯ ಕಡೆಯಿಂದ ಜಾರಿದ್ದು. ಬಹುಶಃ ಅರವತ್ತರದು."

ಅರವತ್ತು.
ಕೊರಾಲ್ ಬಂದರಿನ ಮೇಲಿನ ಓಣಿಯಲ್ಲಿ
ಅಜ್ಜಿ ಎದುವಿಹಿಸ್‌ಳ ಮನೆಯಿತ್ತು.
ಸಮುದ್ರ ಮೊದಲು ಹಿಂದೆ ಸರಿಯಿತಂತೆ,
ಏನೋ ಮರೆತ ನೆಂಟನ ಹಾಗೆ. ಮರಳಿ ಬಂದದ್ದು
ಕೋಳಿಗೂಡು ಒಯ್ದಿತು, ಅಂಗಳ ಒಯ್ದಿತು,
ಹೊಚ್ಚಹೊಸ ಕಬ್ಬಿಣದ ಒಲೆ ಒಯ್ದಿತು.
ಅಂಗಡಿಯವನು ಲೆಕ್ಕದ ಪುಸ್ತಕ ಉಳಿಸಿಕೊಂಡಿದ್ದ.
ಇನ್ನೂ ಮೂರು ವರ್ಷ, ತಿಂಗಳು ತಿಂಗಳು,
ಕಡಲೊಳಗಿನ ಒಲೆಗೆ ಅಜ್ಜಿ ಕಂತು ಕಟ್ಟಿದಳು.

"ಇದರಲ್ಲಿ ಆ ಅಂಗಳದ ಮಣ್ಣು ಇರಬಹುದೆ?"
ಬೇರೆಯವರಾಗಿದ್ದರೆ ನನ್ನ ಮುಖ ನೋಡಿ
ಇರಬಹುದು ಎನ್ನುತ್ತಿದ್ದರು.
ಅವಳು ಟಾರ್ಚು ಆರಿಸಿ ಯೋಚಿಸಿದಳು.
"ಹಾಗೆ ಹೇಳುವಷ್ಟು ಗೊತ್ತಿಲ್ಲ."
ಅಂದಿನಿಂದ ಅವಳು ಹೇಳಿದ್ದನ್ನೆಲ್ಲ ನಂಬಿದೆ.

ಒಂದು ಸೀಳನ್ನು ಕೊಯ್ದು, ತೂಗಿ, ಒಣಗಿಸಿ
ಮುಗಿಸಿಬಿಡುತ್ತಾರೆ. ಇನ್ನೊಂದನ್ನು ಮುಟ್ಟುವುದಿಲ್ಲ.
ಇನ್ನೂ ಹುಟ್ಟದವರು
ನಮಗಿನ್ನೂ ಹೊಳೆಯದ ಪ್ರಶ್ನೆ ಹಿಡಿದು ಬಂದಾರು ಎಂದು
ತಂಪಿನಲ್ಲಿ ಕಾದಿಡುತ್ತಾರೆ, ಹೆಪ್ಪಿಗೆ ಉಳಿಸಿದ ಹಾಗೆ.
ಹುಳಿಹಿಟ್ಟಿನ ನನ್ನ ಜಾಡಿಯನ್ನು
ಅದರ ಪಕ್ಕಕ್ಕೆ ಸರಿಸಿ ಬಾಗಿಲು ಮೆಲ್ಲಗೆ ಮುಚ್ಚಿದೆ.

ತಾಲ್ಕವಾನೊದಲ್ಲಿ ವ್ಯಾನು ಬಂತು, ಕೆಸರು ಹೋಯಿತು,
ಈರುಳ್ಳಿ ಸ್ವಸ್ಥಾನಕ್ಕೆ ಮರಳಿತು.
ಮುಂದಿನ ಪ್ರಯಾಣದಲ್ಲಿ ಕ್ಯಾಪ್ಟನ್ ಬೆಣ್ಣೆ ಮೂಸಿ
ಮುಖ ಸಿಂಡರಿಸಿದ. ಚೀಸಿನ ಪಕ್ಕ ಇಟ್ಟಿದ್ದೆ ಎಂದೆ.

ಆ ಒಲೆ ಎಲ್ಲಿ ಬಿದ್ದಿದೆಯೋ.
ಇಷ್ಟು ಆಳದಲ್ಲಾದರೆ ಅದರ ಮೇಲೂ
ಅಷ್ಟೇ ಧೂಳು ಕೂತಿರಬೇಕು, ಅರ್ಧ ಬೆರಳು.
ಒಂದು ಒದ್ದೆ ಬಟ್ಟೆ ಸಾಕು.